ಕಾಗದದ ಹೂವಿನ ಹೆಸರು

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದರೆ ನಮ್ಮ ಬೀದಿಯ ಕಾಂಪೌಂಡು ಗೋಡೆಗಳೆಲ್ಲ ನೇರಿಳೆಗೆಂಪು ಬಣ್ಣವನ್ನು ಹೊದ್ದುಕೊಳ್ಳುತ್ತವೆ. ಮುಡಿಗೂ ಸಲ್ಲದ, ಗುಡಿಗೂ ಸಲ್ಲದ, ಪರಿಮಳದ ಗೊಡವೆಯೇ ಇಲ್ಲದ ಈ ಹೂವನ್ನು ನಮ್ಮ ಜನ ‘ಕಾಗದದ ಹೂ’ ಎಂದು ಕರೆದರು. ಅದರಲ್ಲಿ ಸುಳ್ಳೇನೂ ಇಲ್ಲ. ನಾವು ಹೂವೆಂದು ಮೆಚ್ಚುವುದು ಬಣ್ಣ ತಳೆದ ಮೂರು ಎಲೆಗಳನ್ನು. ಅವುಗಳ ನಡುವೆ ಅಡಗಿ ನಿಂತಿರುವ ಕೆನೆಬಿಳುಪಿನ ಸಣ್ಣ ನಳಿಗೆಗಳೇ ನಿಜವಾದ ಹೂಗಳು. ಗಿಡವೇನೋ ಸಂಜೆಮಲ್ಲಿಗೆಯ ಬಳಗದ್ದು. ಆದರೆ ನರ್ಸರಿಯವರು ಹೇಳುವ ‘ಬೋಗನ್‌ವಿಲಿಯ’ ಎಂಬ ಇನ್ನೊಂದು ಹೆಸರಿದೆಯಲ್ಲ, ಅದರ ಕಥೆ ಬೇರೆ.

ಲೂಯಿ ಆಂಟ್ವಾನ್ ದ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕ 1766ರಲ್ಲಿ ಭೂಪ್ರದಕ್ಷಿಣೆಗೆ ಹೊರಟ. ಅವನ ಜತೆಯ ಎರಡನೆಯ ಹಡಗು ‘ಎತ್ವಾಲ್’. ಅದರಲ್ಲಿ ರಾಜನ ಅಪ್ಪಣೆ ಪಡೆದ ಸಸ್ಯಶಾಸ್ತ್ರಜ್ಞ ಫಿಲಿಬೆರ್ ಕಾಮರ್ಸನ್ ಇದ್ದ. ಅವನ ಹಿಂದೆ ಪುಸ್ತಕ, ಕಾಗದ, ಒಣಗಿದ ಗಿಡಗಳ ಕಟ್ಟುಗಳನ್ನು ಹೊರುವ ಆಳೊಬ್ಬ. ಹೆಸರು ಝಾನ್ ಬಾರೆ. 1767ರಲ್ಲಿ ಹಡಗುಗಳು ಬ್ರೆಜಿಲಿನ ರಿಯೋ ದ ಜನೈರೊ ಬಂದರಿನಲ್ಲಿ ನಿಂತಾಗ ಈ ಮುಳ್ಳುಬಳ್ಳಿ ಅವರ ಕೈಗೆ ಸಿಕ್ಕಿತು. ಕಾಮರ್ಸನ್ ಅದಕ್ಕೆ ತನ್ನ ನಾಯಕನ ಹೆಸರನ್ನೇ ಇಟ್ಟ.

ಆಳು ಗಂಡಸಾಗಿರಲಿಲ್ಲ. ಬರ್ಗಂಡಿಯ ಕೂಲಿಕಾರನೊಬ್ಬನ ಮಗಳು ಝಾನ್ ಬಾರೆ, ಎದೆಗೆ ಬಟ್ಟೆ ಬಿಗಿದು ಗಂಡುಡುಪು ತೊಟ್ಟು ಹಡಗು ಹತ್ತಿದ್ದಳು. ಫ್ರಾನ್ಸಿನ ನೌಕಾಪಡೆಯ ಹಡಗುಗಳಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಕಾಮರ್ಸನ್ನನ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಆದುದರಿಂದ ರಿಯೋದ ದಿಣ್ಣೆ ಹತ್ತಿ ಆ ಬಳ್ಳಿಯನ್ನು ಕಿತ್ತು ತಂದವಳು ಅವಳೇ ಇರಬೇಕೆಂದು ಈಗಿನ ಕೆಲವರು ಊಹಿಸುತ್ತಾರೆ. ಸಾಕ್ಷ್ಯವಿಲ್ಲದ ಊಹೆಯೆನ್ನಿ, ನನಗದು ಒಪ್ಪಿಗೆ. ಮೆಗಲನ್ ಜಲಸಂಧಿಯ ಹಿಮದಲ್ಲಿ ಬಂದೂಕು, ಬುತ್ತಿ, ಗಿಡದ ಕಟ್ಟುಗಳನ್ನೆಲ್ಲ ಹೊತ್ತು ನಡೆದವಳಿಗೆ ರಿಯೋದ ಗುಡ್ಡ ಯಾವ ಲೆಕ್ಕ? ಬೂಗನ್‌ವಿಲ್ಲನ ಬರಹದ ಪ್ರಕಾರ, 1768ರ ಏಪ್ರಿಲಿನಲ್ಲಿ ಟಹೀಟಿ ದ್ವೀಪದವರು ಕಂಡೊಡನೆ ಇವಳು ಹೆಣ್ಣೆಂದು ಗುರುತಿಸಿದರು. ವರುಷ ಮೀರಿ ಜತೆಯಲ್ಲೇ ಇದ್ದ ನಾವಿಕರಿಗೆ ಅನುಮಾನವಿತ್ತೇ ಹೊರತು ಖಚಿತವಿರಲಿಲ್ಲವಂತೆ!

ಅವರಿಬ್ಬರೂ ಮಾರಿಷಸ್ಸಿನಲ್ಲಿ ಇಳಿದುಕೊಂಡರು. ಕಾಮರ್ಸನ್ 1773ರಲ್ಲಿ ಅಲ್ಲಿಯೇ ತೀರಿಕೊಂಡ. ಬಾರೆ ಒಬ್ಬ ಸೈನಿಕನನ್ನು ಮದುವೆಯಾಗಿ ಸ್ವದೇಶಕ್ಕೆ ಮರಳಿದಳು; ಅಲ್ಲಿಗೆ ಲೋಕವನ್ನು ಸುತ್ತಿಬಂದ ಮೊದಲ ಹೆಂಗಸಾದಳು. 1785ರಲ್ಲಿ ಸರಕಾರ ಅವಳಿಗೆ ವರ್ಷಕ್ಕೆ 200 ಲಿವ್ರ್ ಮಾಸಾಶನ ಕೊಟ್ಟಿತು. 1789ರಲ್ಲಿ ಜುಸ್ಯೂ ಎಂಬ ವಿದ್ವಾಂಸ ಬಳ್ಳಿಯ ಹೆಸರನ್ನು ಗ್ರಂಥಸ್ಥಗೊಳಿಸಿದ, ಅದೂ ಕಾಗುಣಿತ ತಪ್ಪಿಸಿ. ಕಾಮರ್ಸನ್ ಇನ್ನೊಂದು ಗಿಡಕ್ಕೆ ಬಾರೆಯ ಹೆಸರಿಡಲು ಬಯಸಿದ್ದ. ಎಲೆಗಳು ಒಂದರಂತೆ ಒಂದಿಲ್ಲದ, ಬೇವಿನ ಬಳಗದ ಗಿಡವದು. ಆ ಹೆಸರು ನಿಲ್ಲಲಿಲ್ಲ. 2012ರಲ್ಲಿ ದಕ್ಷಿಣ ಅಮೆರಿಕದ, ನಮ್ಮ ಬದನೆ ಆಲೂಗಡ್ಡೆಗಳ ಕುಲದ ಒಂದು ಬಳ್ಳಿಗೆ ಅವಳ ಹೆಸರು ಬಂತು. ಇನ್ನೂರ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು!

ಬೋಗನ್‌ವಿಲಿಯ 1860ರಲ್ಲಿ ಕಲ್ಕತ್ತೆಗೆ ಬಂತೆಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಅಲ್ಲಿಂದ ನಮ್ಮ ಗೋಡೆಗಳವರೆಗೆ ಅದು ಬಂದದ್ದು ಹೆಚ್ಚಾಗಿ ಕಡ್ಡಿಯ ರೂಪದಲ್ಲಿ. ತೋಟದ ಬಗೆಗಳು ಬೀಜ ಕಟ್ಟುವುದು ಅಪರೂಪ; ಬಲಿತ ಕಡ್ಡಿಯನ್ನು ಮುರಿದು ನೆಡಬೇಕು, ಬೇರು ಬಿಡದೆ ಹಟ ಹಿಡಿಯುವುದಕ್ಕೆ ಗೂಟಿ ಕಟ್ಟಬೇಕು. ಅಂದರೆ ಕೈಯಿಂದ ಕೈಗೆ ದಾಟಿ ಬಂದ ಗಿಡ. ನಮ್ಮ ಮನೆಯದನ್ನು ಅಮ್ಮನಿಗೆ ತಂದುಕೊಟ್ಟವಳು ಹಾಲು ಹಾಕುತ್ತಿದ್ದಾಕೆ.

ಅಮ್ಮ ಅದನ್ನು ಮಲ್ಲಿಗೆಯಂತೆ ಸಾಕಿದಳು. ಎರಡು ಹೊತ್ತು ನೀರು, ಬುಟ್ಟಿಗಟ್ಟಲೆ ಗೊಬ್ಬರ. ಎರಡು ವರ್ಷ ಎಲೆಯೋ ಎಲೆ. ಆಮೇಲೆ ಬೇಸತ್ತು ಕೈಬಿಟ್ಟಾಗ ಬಳ್ಳಿ ಮೈತುಂಬ ಅರಳಿತು. ಅದಕ್ಕೆ ಬೇಕಾದದ್ದು ಇಡೀ ದಿನದ ಬಿಸಿಲು, ನೀರು ನಿಲ್ಲದ ಮಣ್ಣು. ಬೇರೂರಿದ ಮೇಲೆ ಮಣ್ಣು ಒಣಗಿದ ನಂತರವೇ ನೀರು. ಬೇರು ಬಲು ನಾಜೂಕು, ಕುಂಡದಿಂದ ತೆಗೆಯುವಾಗ ಹೆಂಟೆ ಒಡೆಯಬಾರದು. ಹೂ ಬರುವುದು ಹೊಸ ಚಿಗುರಿನಲ್ಲಿ; ಆದ್ದರಿಂದ ಒಂದು ಸುತ್ತಿನ ಹೂ ಮುಗಿದೊಡನೆ ಕರುಣೆಯಿಲ್ಲದೆ ಸವರಬೇಕು. ಕೈಗವಸು ಮರೆತರೆ ಮುಳ್ಳು ನೆನಪಿಸುತ್ತದೆ. ಸವರಿದ ಕಡ್ಡಿಗಳನ್ನು ಗೇಟಿನ ಹೊರಗಿಟ್ಟರೆ ಸಂಜೆಯೊಳಗೆ ಯಾರೋ ಒಯ್ದಿರುತ್ತಾರೆ.