ಗುರುಮಠದ ಮೇಜಿನಿಂದ ರಣರಂಗದವರೆಗೆ: ಬಿಜೈಯ ಜಾರ್ಜ್ ಫೆರ್ನಾಂಡಿಸ್

ಮಂಗಳೂರಿನ ಸರ್ಕ್ಯೂಟ್ ಹೌಸಿನಿಂದ ಬಿಜೈಗೆ ಸಾಗುವ ರಸ್ತೆಗೆ ಇಂದು ಜಾರ್ಜ್ ಫೆರ್ನಾಂಡಿಸರ ಹೆಸರಿದೆ. ಬಿಜೈಯ ಸಂತ ಫ್ರಾನ್ಸಿಸ್ ಝೇವಿಯರ್ ದೇವಾಲಯದ ಸಮಾಧಿಭೂಮಿಯಲ್ಲಿ ಅವರ ಚಿತಾಭಸ್ಮ ನೆಲೆಗೊಂಡಿದೆ. 2019ರ ಜನವರಿ 29ರಂದು ಅವರು ದೆಹಲಿಯಲ್ಲಿ ನಿಧನರಾದರು. ದೇಹಕ್ಕೆ ಅಗ್ನಿಸಂಸ್ಕಾರವಾಯಿತು, ಭಸ್ಮಕ್ಕೆ ಭೂಸಂಸ್ಕಾರ ದೊರೆಯಿತು. ಧರ್ಮಸಭೆಯು 1963ರಲ್ಲೇ ಶವದಹನಕ್ಕೆ ಅನುಮತಿ ನೀಡಿದೆ. ಭಸ್ಮವನ್ನು ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು 2016ರಲ್ಲಿ ನಿರ್ದೇಶಿಸಿದೆ. ಆದುದರಿಂದ ಬಿಜೈಯ ನೆಲ ಅವರನ್ನು ಸ್ವೀಕರಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೂ ಅವರ ಹೆಸರು ಬಂದಾಗಲೆಲ್ಲ ನಮ್ಮ ನಡುವೆ ಒಂದು ಪ್ರಶ್ನೆ ಏಳುತ್ತದೆ: 'ಆತ ನಮ್ಮವರೇ?' ಯಾಜಕರನ್ನು ರೂಪಿಸುವ ಹೊಣೆ ಹೊತ್ತವರು ಕೇಳಬೇಕಾದದ್ದು ಬೇರೆಯೇ ಪ್ರಶ್ನೆ: ನಮ್ಮಲ್ಲಿಂದ ಹೊರನಡೆದ ಆ ಯುವಕ ಏನನ್ನು ಕಂಡು ಹೋದ? ಮುಂದೆ ಯುದ್ಧಕಾಲದ ಅಧಿಕಾರ ಕೈಗೆ ಬಂದಾಗ, ಕಂಡದ್ದನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡ?

ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು, ಮಂಗಳೂರಿನ ಕಥೋಲಿಕ ಕುಟುಂಬವೊಂದರ ಹಿರಿಯ ಮಗನಾಗಿ. ಅದೇ ದಿನಾಂಕದಂದು ಜನಿಸಿದ್ದ ಐದನೆಯ ಜಾರ್ಜ್ ದೊರೆಯ ಹೆಸರನ್ನು ತಾಯಿ ಮಗನಿಗಿಟ್ಟರು. ಹದಿನಾರನೆಯ ವಯಸ್ಸಿನಲ್ಲಿ, 1946ರಲ್ಲಿ, ಯಾಜಕನಾಗುವ ಹಂಬಲದಿಂದ ಅವರು ಬೆಂಗಳೂರಿನ ಸಂತ ಪೇತ್ರರ ಗುರುಮಠವನ್ನು ಸೇರಿದರು. ಸುಮಾರು ಎರಡು ವರ್ಷ ತತ್ತ್ವಶಾಸ್ತ್ರ ಓದಿ ಹೊರಬಂದರು. ಕಾರಣವನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ: ಹಿರಿಯ ಗುರುಗಳು ಎತ್ತರದ ಮೇಜಿನಲ್ಲಿ ಕುಳಿತು ಉತ್ತಮ ಊಟ ಮಾಡುತ್ತಿದ್ದರು, ಗುರುವಿದ್ಯಾರ್ಥಿಗಳಿಗೆ ಬೇರೆಯೇ ಊಟ, ಬೋಧನೆಗೂ ಆಚರಣೆಗೂ ನಡುವೆ ಬಹಳ ಅಂತರ ಕಂಡಿತು.

ಕೇಳಲು ಇದು ಚಿಕ್ಕ ಸಂಗತಿ. ಆ ಕಾಲದ ಶಿಸ್ತಿನಲ್ಲಿ ಪ್ರತ್ಯೇಕ ಮೇಜು ಎಲ್ಲ ಕಡೆಯೂ ಇತ್ತು, ಹದಿಹರೆಯದ ಹುಡುಗನ ದೂರನ್ನು ದೈವಶಾಸ್ತ್ರವಾಗಿಸಬೇಕಿಲ್ಲ ಎಂದು ವಾದಿಸಬಹುದು. ಆದರೆ ಶುಭಸಂದೇಶ ಈ ಸಂಗತಿಯನ್ನು ಚಿಕ್ಕದೆಂದು ಎಣಿಸಿಲ್ಲ. ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಪ್ರಭು ಯೇಸು, ಹೇಳುವುದನ್ನು ಮಾಡದ ಬೋಧಕರನ್ನೂ ಔತಣದಲ್ಲಿ ಉನ್ನತ ಆಸನವನ್ನು ಬಯಸುವವರನ್ನೂ ಒಂದೇ ಉಸಿರಿನಲ್ಲಿ ಖಂಡಿಸುತ್ತಾರೆ. ಸಂತ ಪೌಲರು ಕೊರಿಂಥದವರ ಪ್ರಭುಭೋಜನದಲ್ಲಿ ಕಂಡ ದೋಷವೂ ಊಟದ್ದೇ: ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ತುಂಬಿ ತುಳುಕುತ್ತಿದ್ದಾನೆ. ಯಾಜಕ ತರಬೇತಿಯನ್ನು ನವೀಕರಿಸುವ ಎರಡನೆಯ ವ್ಯಾಟಿಕನ್ ಮಹಾಸಭೆಯ ಆಜ್ಞಾಪತ್ರ ಹೊರಬಂದದ್ದು 1965ರಲ್ಲಿ. ಜಾರ್ಜ್ ಅಷ್ಟು ಕಾಲ ಕಾಯಲಿಲ್ಲ.

1949ರಲ್ಲಿ ಅವರು ಮುಂಬಯಿಗೆ ಹೋದರು. ಕೆಲಸ ಸಿಗುವವರೆಗೆ ಚೌಪಾಟಿಯ ಬೆಂಚುಗಳ ಮೇಲೆ ಮಲಗಿದರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರಿಗೆ ಗುರುವಾದರು. ರಾಮಮನೋಹರ ಲೋಹಿಯಾರ ಸಮಾಜವಾದ ದಾರಿಯಾಯಿತು. ಹೋಟೆಲು, ಬಂದರು, ಟ್ಯಾಕ್ಸಿ, ನಗರಪಾಲಿಕೆಗಳ ಕಾರ್ಮಿಕರನ್ನು ಅವರು ಸಂಘಟಿಸಿದರು. ಕಾರ್ಮಿಕರ ಸಂಘಟನೆಯ ಹಕ್ಕನ್ನು ಹದಿಮೂರನೆಯ ಲಿಯೊ ಜಗದ್ಗುರುಗಳು 1891ರಲ್ಲೇ ಸಾರಿದ್ದರು. ಆ ಬೋಧನೆಯನ್ನು ನಾವು ತರಗತಿಯಲ್ಲಿ ಓದುತ್ತಿದ್ದ ವರ್ಷಗಳಲ್ಲಿ, ನಮ್ಮನ್ನು ತೊರೆದವರೊಬ್ಬರು ಅದನ್ನು ಬೀದಿಯಲ್ಲಿ ನಡೆಸಿ ತೋರಿದರು. 1967ರಲ್ಲಿ ಪ್ರಬಲ ಕಾಂಗ್ರೆಸ್ ನಾಯಕ ಎಸ್.ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿ ಅವರು ಲೋಕಸಭೆ ಪ್ರವೇಶಿಸಿದರು. 1974ರ ಮೇ ತಿಂಗಳ ಐತಿಹಾಸಿಕ ರೈಲ್ವೆ ಮುಷ್ಕರವನ್ನು ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿ ಮುನ್ನಡೆಸಿದರು. ತುರ್ತುಪರಿಸ್ಥಿತಿಯಲ್ಲಿ ಭೂಗತರಾದ ಅವರನ್ನು 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಬಂಧಿಸಿ, ಬರೋಡಾ ಡೈನಮೈಟ್ ಪ್ರಕರಣದಲ್ಲಿ ಆರೋಪಿಯನ್ನಾಗಿಸಲಾಯಿತು. ಅಣ್ಣನ ಸುಳಿವಿಗಾಗಿ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೊಲೀಸರು ಚಿತ್ರಹಿಂಸೆಗೆ ಗುರಿಪಡಿಸಿದರು. 1977ರಲ್ಲಿ ಜಾರ್ಜ್ ಸೆರೆಮನೆಯಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಗೆದ್ದರು.

1998ರ ಮಾರ್ಚ್‌ನಲ್ಲಿ ವಾಜಪೇಯಿ ಸರಕಾರದ ರಕ್ಷಣಾ ಸಚಿವರಾದಾಗ ಈ ಜೀವನಕ್ಕೆ ಕಠಿಣ ಪರೀಕ್ಷೆ ಎದುರಾಯಿತು. ಅಣ್ವಸ್ತ್ರವನ್ನು ದೀರ್ಘಕಾಲ ವಿರೋಧಿಸಿದ್ದವರ ಅಧಿಕಾರಾವಧಿಯಲ್ಲೇ, ಅದೇ ವರ್ಷ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಅಣುಪರೀಕ್ಷೆ ನಡೆಯಿತು. ಅವರು ಅದನ್ನು ಸಮರ್ಥಿಸಿದರು. ಇಡೀ ನಗರಗಳನ್ನು ವಿವೇಚನೆಯಿಲ್ಲದೆ ನಾಶಮಾಡುವ ಯುದ್ಧಕ್ರಿಯೆ ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಮಹಾಸಭೆ 1965ರಲ್ಲಿ ತೀರ್ಪಿತ್ತಿದೆ. ಆ ತೀರ್ಪಿನ ಮುಂದೆ, ನೆರೆಯ ದೇಶಗಳ ಬೆದರಿಕೆ ಎಂಬ ಸಮರ್ಥನೆ ಸುಲಭವಾಗಿ ನಿಲ್ಲಲಾರದು.

ಮರುವರ್ಷದ ಕಾರ್ಗಿಲ್ ಯುದ್ಧದ ತೂಕ ಬೇರೆ. ನುಸುಳುಕೋರರನ್ನು ನಲವತ್ತೆಂಟು ಗಂಟೆಗಳಲ್ಲಿ ಹೊರಗಟ್ಟುತ್ತೇವೆಂದು ಸಚಿವರು ಆರಂಭದಲ್ಲಿ ನುಡಿದದ್ದು ದುಡುಕಾಯಿತು. ಹೋರಾಟ ಜುಲೈ 26ರವರೆಗೆ ನಡೆದು 527 ಭಾರತೀಯ ಯೋಧರ ಪ್ರಾಣ ತೆಗೆದುಕೊಂಡಿತು. ಆದರೆ ಸಂತ ತೋಮಸ್ ಅಕ್ವಿನಾಸರು ಹೇಳುವ ಅಧಿಕೃತ ಆಡಳಿತ, ನ್ಯಾಯಯುತ ಕಾರಣ, ಸದುದ್ದೇಶ ಎಂಬ ಮೂರು ನಿಯಮಗಳಿಂದ ಅಳೆದರೆ, ಈ ಯುದ್ಧ ಆತ್ಮರಕ್ಷಣೆಯದೆಂದು ಒಪ್ಪಬಹುದು. ನಿಯಂತ್ರಣ ರೇಖೆಯನ್ನು ದಾಟಬಾರದೆಂಬ ಸರಕಾರದ ನಿರ್ಧಾರ ಮಿತಿಪಾಲನೆಯ ಅಪರೂಪದ ನಿದರ್ಶನ. ಆ ಮಿತಿಯ ಬೆಲೆಯನ್ನು ಕಡಿದಾದ ಬೆಟ್ಟವೇರಿದ ಸೈನಿಕರೇ ತೆತ್ತರೆಂಬುದನ್ನೂ ಮರೆಯಲಾಗದು.

ಸೈನಿಕರ ವಿಷಯದಲ್ಲಿ ಗುರುಮಠದ ಆ ಹುಡುಗ ಇನ್ನೂ ಜೀವಂತವಾಗಿದ್ದ. ಜಾರ್ಜ್ ಸಿಯಾಚಿನ್ ಹಿಮನದಿಗೆ ಮತ್ತೆ ಮತ್ತೆ ಹೋದರು. ಅಲ್ಲಿನ ಪಡೆಗೆ ಬೇಕಾದ ಹಿಮವಾಹನಗಳ ಕಡತವನ್ನು ತಡೆಹಿಡಿದ ಅಧಿಕಾರಿಗಳನ್ನು, ಅಲ್ಲಿಯ ಬದುಕನ್ನು ಕಣ್ಣಾರೆ ಕಂಡು ಬರುವಂತೆ ಹಿಮನದಿಗೇ ಕಳುಹಿಸಿದರು. ಎತ್ತರದ ಮೇಜಿನಲ್ಲಿ ಕುಳಿತವರನ್ನು ಕೆಳಗಿನ ಮೇಜಿಗೆ ಇಳಿಸಿದ ಕ್ರಮವಿದು. ವಿಪರ್ಯಾಸವೆಂದರೆ, ಹುತಾತ್ಮರ ಶವಪೆಟ್ಟಿಗೆಗಳ ಖರೀದಿಯ ವಿಷಯದಲ್ಲೇ ಅವರ ಮೇಲೆ ಆಪಾದನೆ ಬಂತು. 2009ರಲ್ಲಿ ಸಿಬಿಐ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಆದರೆ ಶವಪೆಟ್ಟಿಗೆಗಿಂತಲೂ ನಮ್ಮನ್ನು ಕಾಡಬೇಕಾದ ಸಂಗತಿ ಒಂದಿದೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲಿ ಸುಡಲಾಯಿತು. ಅಲ್ಲಿಗೆ ಹೋದ ಮೂವರು ಸಚಿವರ ತಂಡದಲ್ಲಿ ಜಾರ್ಜ್ ಇದ್ದರು. ಸರಕಾರವನ್ನು ಅಸ್ಥಿರಗೊಳಿಸುವ ಪಿತೂರಿ ಇದೆಂದು ತಂಡ ಹೇಳಿತು. ಮೃತರ ಪರವಾಗಿ ನೇರವಾದ ಮಾತನ್ನು ಅವರಿಂದ ನಿರೀಕ್ಷಿಸಿದ್ದ ಕ್ರೈಸ್ತರು ನೊಂದರು. ಆ ನೋವು ಜಾತಿಬಾಂಧವನೊಬ್ಬ ಕೈಬಿಟ್ಟನೆಂಬ ನೋವಾಗಿದ್ದರೆ ಅದಕ್ಕೆ ಹೆಚ್ಚು ಬೆಲೆಯಿಲ್ಲ. ಬೋಧನೆಗೂ ಆಚರಣೆಗೂ ನಡುವಿನ ಅಂತರವನ್ನು ಹದಿನೆಂಟರ ಹರೆಯದಲ್ಲೇ ಗುರುತಿಸಿದ ಕಣ್ಣು, ಅಧಿಕಾರದ ಮೇಜಿನಲ್ಲಿ ಕುಳಿತಾಗ ಅಂಥದೇ ಅಂತರವನ್ನು ಕಾಣದೆ ಹೋಯಿತಲ್ಲ ಎಂಬುದೇ ನಿಜವಾದ ನೋವು.

ಇಲ್ಲಿ ಅವರನ್ನು ತೀರ್ಪಿಗೆ ನಿಲ್ಲಿಸುವ ಆತುರ ನಮಗೆ ಬೇಡ. ಏಕೆಂದರೆ ಇದೇ ಕುರುಡು ನಮಗೂ ಅಂಟುವಂಥದು. ಗುರುದೀಕ್ಷೆಯ ಮೊದಲು ಕೆಳಗಿನ ಮೇಜಿನಲ್ಲಿ ಕುಳಿತು ಗೊಣಗಿದವರು ನಾವೇ; ದೀಕ್ಷೆಯ ಬಳಿಕ ಮೇಲಿನ ಮೇಜಿನಿಂದ ನೋಡುವಾಗ ಆ ಗೊಣಗಾಟ ಅಶಿಸ್ತಿನಂತೆ ಕೇಳಿಸತೊಡಗುತ್ತದೆ. ಅನ್ಯಾಯ ಬದಲಾಗಿರುವುದಿಲ್ಲ, ನಾವು ಕುಳಿತ ಜಾಗ ಬದಲಾಗಿರುತ್ತದೆ.

ಮಂಗಳೂರು ಜಾರ್ಜರನ್ನು ನೆನೆಯಲು ಕಾರಣಗಳು ಹಲವು. ಅವರು ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮದ ಹಳಿ ಇಂದಿಗೂ ಕರಾವಳಿಯ ಜನರನ್ನು ಮುಂಬಯಿಗೆ ಒಯ್ಯುತ್ತಿದೆ. ಆದರೆ ಗುರುಮಠಕ್ಕೆ ಅವರು ಬಿಟ್ಟುಹೋದ ಆಸ್ತಿ ಒಂದು ಪ್ರಶ್ನೆ. ದೈವಕರೆ ಕುಂದಿ ಹೊರಟವನೆಂದು ನಾವು ದಾಖಲಿಸುವ ಪ್ರತಿಯೊಬ್ಬ ಯುವಕನೂ ಹೋಗುವಾಗ ನಮ್ಮ ಬಗ್ಗೆ ಒಂದು ಸಾಕ್ಷ್ಯವನ್ನು ಕೊಂಡೊಯ್ಯುತ್ತಾನೆ. ಅದನ್ನು ಕೇಳಿ ತಿದ್ದಿಕೊಳ್ಳುವ ವಿನಯ ನಮ್ಮಲ್ಲಿರಬೇಕು. ಮುಂದಿನ ಸಲ ಬಿಜೈಯ ಸಮಾಧಿಭೂಮಿಗೆ ಹೋದಾಗ ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸೋಣ. ಹಿಂದಿರುಗಿ ಊಟಕ್ಕೆ ಕುಳಿತಾಗ ನಮ್ಮ ಮೇಜುಗಳನ್ನೊಮ್ಮೆ ನೋಡಿಕೊಳ್ಳೋಣ.