ಉಡುಪಿಯ ಟಾಕೀಸು, ಅಕ್ಕಪಕ್ಕದವರ ಹಕ್ಕು

ನಿಮ್ಮ ಮನೆ ಹತ್ತಿರ ಕಲ್ಯಾಣ ಮಂಟಪ ಬರುತ್ತೆ ಅಂತ ಸುದ್ದಿ. ಕೊನೆಗೆ ಬಂದದ್ದು ಸಿನಿಮಾ ಟಾಕೀಸು! ಏನ್ಮಾಡ್ತೀರಿ?

ಉಡುಪಿಯಲ್ಲಿ ಹೀಗೇ ಆಗಿತ್ತು. ಪುರಸಭೆ ಮೊದಲು ಅನುಮತಿ ಕೊಟ್ಟದ್ದು ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಸಭಾಂಗಣಕ್ಕೆ. ಆಮೇಲೆ ಅದನ್ನೇ ಟಾಕೀಸು ಮಾಡೋಕೆ ಠರಾವು ಪಾಸಾಯ್ತು. ಆದರೆ ನಗರ ಯೋಜನೆಯ ಪ್ರಕಾರ ಅದು ಮನೆಗಳ ಪ್ರದೇಶ. ಅಲ್ಲಿನ ನಿವಾಸಿಯೊಬ್ಬರು ಮೈಸೂರು ಹೈಕೋರ್ಟಿಗೆ ಹೋದರು.

ಹೈಕೋರ್ಟ್ ಏನಂತು ಗೊತ್ತಾ? ಠರಾವು ಸಿಂಧುವಲ್ಲ ನಿಜ, ಆದರೆ ಮಾಲೀಕರು ಆಗಲೇ ದೊಡ್ಡ ಮೊತ್ತ ಸುರಿದಿದ್ದಾರೆ, ಹಾಗಾಗಿ ನಾವು ರದ್ದು ಮಾಡಲ್ಲ.

ಬಿ.ಕಾಂ.ನಲ್ಲಿ ‘ಸಂಕ್ ಕಾಸ್ಟ್’ ಅಂತ ಓದಿದ್ದೆ. ಖರ್ಚಾಗಿಹೋದ ದುಡ್ಡಿನ ಮುಖ ನೋಡಿ ಮುಂದಿನ ತೀರ್ಮಾನ ಮಾಡಬಾರದು ಅಂತ. 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಮ್ಮಿ ಅದೇ: ಹಣ ಸುರಿದ ಮಾತ್ರಕ್ಕೆ ಅಕ್ರಮ ಸಕ್ರಮ ಆಗಲ್ಲ.

ಇನ್ನೊಂದು ಮಾತು ಇನ್ನೂ ದೊಡ್ಡದು. ಯೋಜನೆ ಇರೋದು ಜನರ ಒಳಿತಿಗೆ. ಅದನ್ನು ಪುರಸಭೆಯೇ ಮುರಿದರೆ ಪೆಟ್ಟು ಬೀಳೋದು ಸುತ್ತಲಿನ ನಿವಾಸಿಗಳಿಗೆ. ಹಾಗಾಗಿ ಪ್ರಶ್ನೆ ಕೇಳುವ ಹಕ್ಕೂ ಅವರಿಗಿದೆ.

ಅಂದರೆ, ಪಕ್ಕದ ಕಟ್ಟಡದ ಬಗ್ಗೆ ‘ನಿನಗೇನು?’ ಅಂತ ಯಾರಾದರೂ ಕೇಳಿದರೆ ಉತ್ತರ ರೆಡಿ ಇದೆ. ಅನುಮಾನ ಬಂದರೆ ಮಾಹಿತಿ ಹಕ್ಕಿನಡಿ ಮಂಜೂರಾದ ನಕ್ಷೆಗೆ ಅರ್ಜಿ ಹಾಕಿ. ಆದರೆ ಪಾಯ ತೋಡುವಾಗಲೇ ಕೇಳಿ, ಗೃಹಪ್ರವೇಶದ ಊಟ ಆದಮೇಲಲ್ಲ.