ಬಳ್ಳಾರಿ ರಸ್ತೆಯಿಂದ ಹೊರಟ ಕೆಮ್ಮಿನ ಲೆಕ್ಕ

ಯಲಹಂಕದ ಕಡೆ ಲ್ಯಾಬಿನಲ್ಲಿ ಕಫದ ಸ್ಲೈಡು ನೋಡುತ್ತಲೇ ನಿವೃತ್ತನಾದವನು ನಾನು. ಡಬ್ಬಿಯಲ್ಲಿ ಬರೀ ಎಂಜಲು ತಂದರೆ ವಾಪಸ್ಸು ಕಳಿಸುತ್ತಿದ್ದೆ. ನನಗೆ ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಬೇಕಿತ್ತು. ಅದು ಶ್ವಾಸಕೋಶದಿಂದ ಬಂದದ್ದೇ ಎನ್ನುವುದಕ್ಕೆ ಸಾಕ್ಷಿ ಸ್ಲೈಡಿನಲ್ಲೇ ಸಿಗುತ್ತದೆ: ನೀಲಿ ಬಣ್ಣ ಹೀರಿದ ದೊಡ್ಡ ದೊಡ್ಡ ಕೋಶಗಳು, ಕೆಲವುಗಳ ಹೊಟ್ಟೆಯಲ್ಲಿ ಕರಿ ಮಸಿ. ಮ್ಯಾಕ್ರೋಫೇಜ್ ಎಂದರೆ ಇವೇ. ಶ್ವಾಸಕೋಶದ ಗಾಳಿಗೂಡುಗಳಲ್ಲೇ ಇದ್ದುಕೊಂಡು, ಉಸಿರಿನ ಜತೆ ಬಂದ ಧೂಳು, ಹೊಗೆ, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗುವುದು ಇವುಗಳ ಕೆಲಸ. ಹೆಬ್ಬಾಳದ ಫ್ಲೈಓವರ್ ಕೆಳಗೆ ದಿನಾ ಬಸ್ಸಿಗೆ ಕಾಯುವವರ ಮ್ಯಾಕ್ರೋಫೇಜ್‌ಗಳ ಪಾಡು ಕೇಳಲೇಬೇಡಿ.

ನುಂಗಿದ್ದನ್ನು ಇವು ಆಮ್ಲದಲ್ಲಿ ಅರಗಿಸುತ್ತವೆ. ನ್ಯುಮೋನಿಯಾದಲ್ಲಿ ಆಗುವಂತೆ ಪರಿಸ್ಥಿತಿ ಕೈಮೀರಿದರೆ ರಕ್ತದಿಂದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಕರೆಸಿಕೊಳ್ಳುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಆಮ್ಲದ ಚೀಲ ತನ್ನ ಹತ್ತಿರ ಬಾರದಂತೆ ತಡೆದು, ಕಾವಲಿನವನ ಮನೆಯಲ್ಲೇ ಸಂಸಾರ ಹೂಡುತ್ತದೆ. ಕೆಲವು ವಾರಗಳ ನಂತರ ರೋಗನಿರೋಧಕ ಟಿ ಕೋಶಗಳು ಬಂದು ಸಂಕೇತವಾಗಿ ಗಾಮಾ ಇಂಟರ್‌ಫೆರಾನ್ ಕೊಟ್ಟ ಮೇಲೆಯೇ ಮ್ಯಾಕ್ರೋಫೇಜ್‌ಗೆ ಅದನ್ನು ಕೊಲ್ಲುವ ಬಲ ಬರುವುದು. ಸೋಂಕು ತಗುಲಿದ ಹೆಚ್ಚಿನವರಿಗೆ ಕಾಯಿಲೆಯೇ ಬಾರದಿರುವುದು ಈ ಎರಡೂ ಬಗೆಯ ಕೋಶಗಳ ಪುಣ್ಯದಿಂದ.

ಕಾಯಿಲೆ ಬಂದೇಬಿಟ್ಟರೆ? ಅದರ ಲೆಕ್ಕ ಹಾಕಿದ್ದು ನಮ್ಮ ಸೀಮೆಯಲ್ಲೇ. ಬೆಂಗಳೂರಿನ ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು; ಮರುವರ್ಷ ನೆಹರೂ ಉದ್ಘಾಟಿಸಿದರು. 1961ರಿಂದ 1968ರವರೆಗೆ ಸಂಸ್ಥೆಯವರು ದೇವನಹಳ್ಳಿ, ನೆಲಮಂಗಲ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳನ್ನು ನಾಲ್ಕು ಸುತ್ತು ಸುತ್ತಿದರು. ಮೊದಲು ಮುಂಗೈಗೆ ಟ್ಯೂಬರ್ಕುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಸಾರ) ಚುಚ್ಚುವುದು, ಮೂರ್ನಾಲ್ಕು ದಿನ ಬಿಟ್ಟು ಬಂದು ಊತವನ್ನು ಮಿಲಿಮೀಟರಿನಲ್ಲಿ ಅಳೆಯುವುದು. ಹಿಂದೊಮ್ಮೆ ಆ ಬ್ಯಾಕ್ಟೀರಿಯಾದ ಗುರುತು ಹಿಡಿದಿದ್ದ ಟಿ ಕೋಶಗಳು ಸೂಜಿ ಚುಚ್ಚಿದ ಜಾಗಕ್ಕೆ ನುಗ್ಗಿ ಬರುವುದರಿಂದಲೇ ಆ ಊತ. ಐದು ವರ್ಷ ದಾಟಿದವರಿಗೆಲ್ಲ ಎಕ್ಸ್-ರೇ. ಚಿತ್ರದಲ್ಲಿ ಅನುಮಾನ ಕಂಡರೆ ಕಫ.

ಫಲಿತಾಂಶ 1974ರಲ್ಲಿ ಪ್ರಕಟವಾಯಿತು. ಕಫದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದವರಲ್ಲಿ ಐದು ವರ್ಷದೊಳಗೆ ಶೇ. 49ರಷ್ಟು ಮಂದಿ ತೀರಿಕೊಂಡಿದ್ದರು. ಶೇ. 18ರಷ್ಟು ಮಂದಿಯ ಕಫದಲ್ಲಿ ಅದು ಇನ್ನೂ ಇತ್ತು. ಶೇ. 32ರಷ್ಟು ಮಂದಿ, ಬಹುಮಟ್ಟಿಗೆ ಔಷಧಿಯ ಮುಖವನ್ನೇ ಕಾಣದೆ, ಗುಣವಾಗಿದ್ದರು. ಮೂವರಲ್ಲಿ ಒಬ್ಬರು: ನನ್ನ ಸ್ಲೈಡಿನ ಆ ನೀಲಿ ಕೋಶಗಳ ತಾಕತ್ತು ಅಷ್ಟು. ಕ್ಷಯದ ಔಷಧಿ ಐಸೋನಿಯಾಜಿಡ್ 1952ರಲ್ಲೇ ಬಂದಿತ್ತು ಎಂದು ನೆನೆದರೆ ಸತ್ತವರ ಲೆಕ್ಕ ಓದುವುದು ಕಷ್ಟ.

ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಅದಕ್ಕೇ ಸಾಯುತ್ತಾರೆ ಎನ್ನುವ ಮಾತನ್ನು ಇದೇ ಸಂಸ್ಥೆಯಲ್ಲಿದ್ದ ಸಂಶೋಧಕರಾದ ಬ್ಯಾನರ್ಜಿ, ಆಂಡರ್ಸನ್ ಇಬ್ಬರೂ 1963ರಲ್ಲೇ ಸುಳ್ಳು ಮಾಡಿದ್ದರು. ತುಮಕೂರು ಜಿಲ್ಲೆಯಲ್ಲಿ ಅವರು ಮಾತಾಡಿಸಿದ ಕ್ಷಯರೋಗಿಗಳಲ್ಲಿ ಅರ್ಧಕ್ಕರ್ಧ ಜನ ಆಗಲೇ ತಾವಾಗಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ತಪ್ಪು ಬಿಳಿ ಕೋಟಿನವರದು, ಕೆಮ್ಮುವವರದಲ್ಲ. ರೋಗಿಯನ್ನು ಹುಡುಕಿಕೊಂಡು ವ್ಯಾನ್ ಓಡಿಸುವ ಬದಲು, ಬಂದವರ ಕಫವನ್ನು ಮಾಮೂಲಿ ಆಸ್ಪತ್ರೆಯಲ್ಲೇ ನೋಡಿ ಎಂಬ ತೀರ್ಮಾನ ಹೊರಟಿದ್ದು ಇಂಥ ಅಧ್ಯಯನಗಳಿಂದ. ನನ್ನಂಥವರಿಗೆ ಸೂಕ್ಷ್ಮದರ್ಶಕವೂ ಸಂಬಳವೂ ಸಿಕ್ಕಿದ್ದು ಅದರಿಂದಲೇ.

ಎರಡು ವಾರ ದಾಟಿದ ಕೆಮ್ಮಿದ್ದರೆ ಕಷಾಯ ಕುಡಿಯುತ್ತ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ಕಾಸು ಕೇಳುವುದಿಲ್ಲ.